ನೇರ ಮುದ್ರಿಕೆ: ಮಾಣಿಕನಗರದ ದರ್ಬಾರು, ರಾಕ್ ತಂಡದ ವೇದಿಕೆ

ಸಭಿಕರ ಎದುರು ನಡೆದ ಕಛೇರಿಯನ್ನು ನಡೆದಂತೆಯೇ ಮುದ್ರಿಸಿಕೊಂಡು ಆಮೇಲೆ ಹೊರತಂದ ಧ್ವನಿಮುದ್ರಿಕೆಗೆ ನೇರ ಮುದ್ರಿಕೆ ಅಥವಾ ಲೈವ್ ಆಲ್ಬಂ ಎನ್ನುತ್ತಾರೆ. ಸ್ಟುಡಿಯೊದಲ್ಲಾದರೆ ವಾದ್ಯಗಳನ್ನು ಒಂದೊಂದಾಗಿ ನುಡಿಸಿ, ತಪ್ಪಿದ ಕಡೆ ಮತ್ತೆ ಹಾಡಿ, ಎಲ್ಲವನ್ನೂ ಕೂಡಿಸಿ ಹಾಡು ಕಟ್ಟಬಹುದು. ಪಾಶ್ಚಾತ್ಯ ರಾಕ್ ಸಂಗೀತದಲ್ಲಿ, ಅದರಲ್ಲೂ 1970ರ ದಶಕದ ಆರ್ಟ್ ರಾಕ್ ತಂಡಗಳಲ್ಲಿ, ಹೀಗೆ ಕಟ್ಟಿದ ಆಲ್ಬಮ್ಮೇ ಮೂಲಕೃತಿ. ಲೈವ್ ಆಲ್ಬಂ ಅದರ ಬೆನ್ನಿಗೆ ಬರುವ ಎರಡನೆಯ ಪಾಠ. ಹಿಂದೂಸ್ತಾನಿ ಗಾಯನದಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ಕೂತು ಕೇಳುವವರ ಎದುರು ಹಾಡಿದ್ದೇ ಮೂಲ, ಗ್ರಾಮಫೋನ್ ತಟ್ಟೆಗೆಂದು ಹಾಡಿದ್ದು ಅದರ ಸಾರಾಂಶ ಮಾತ್ರ. ಉತ್ತರ ಕರ್ನಾಟಕದ ಸಂಗೀತದ ಮಟ್ಟಿಗಂತೂ ನೇರ ಮುದ್ರಿಕೆಯೇ ಮುಖ್ಯ ದಾಖಲೆ, ಸ್ಟುಡಿಯೊ ಮುದ್ರಿಕೆ ಅದಕ್ಕೆ ಪೂರಕ ಎಂಬುದು ಈ ಲೇಖನದ ನಿಲುವು. ಆದ್ದರಿಂದ ಇಲ್ಲಿನ ನಿರೂಪಣೆ ಲಂಡನ್ನಿನಿಂದ ಹೊರಡದೆ ಬೀದರ್ ಜಿಲ್ಲೆಯಿಂದ ಹೊರಡುತ್ತದೆ.

ಕಲ್ಯಾಣ ಮತ್ತು ಮಾಣಿಕನಗರ

ಸಂಗೀತವನ್ನು ಸಭೆಯಿಂದ ಬೇರ್ಪಡಿಸಿ ನೋಡದ ಪದ್ಧತಿ ಈ ಸೀಮೆಯಲ್ಲಿ ಹಳೆಯದು. ಇಂದಿನ ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದಾಗ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ. ಕಾಲ 1129ರ ಆಸುಪಾಸು. ಐದು ಪ್ರಕರಣ, ಪ್ರಕರಣಕ್ಕೆ ಇಪ್ಪತ್ತರಂತೆ ನೂರು ಅಧ್ಯಾಯಗಳ ಈ ಗ್ರಂಥದಲ್ಲಿ ಗೀತ, ವಾದ್ಯ, ನೃತ್ಯ ಮೂರೂ ‘ವಿನೋದ’ಗಳ ಸಾಲಿಗೆ ಸೇರಿವೆ. ಅಂದರೆ ಹಾಡುವವನಿದ್ದಂತೆ ಕೇಳುವವನೂ ಇರಬೇಕು, ಇಬ್ಬರೂ ಕೂಡುವ ಹೊತ್ತೂ ಜಾಗವೂ ಇರಬೇಕು ಎಂಬುದೇ ಆ ವರ್ಗೀಕರಣದ ಬುಡ. ಸೋಮೇಶ್ವರನ ಮಗ ಜಗದೇಕಮಲ್ಲ ‘ಸಂಗೀತಚೂಡಾಮಣಿ’ ಬರೆದ. ಒಂದೇ ಮನೆತನದ ಎರಡು ತಲೆಮಾರು ಅರಸುತನದ ನಡುವೆ ಸಂಗೀತದ ಮೇಲೆ ಗ್ರಂಥ ಬರೆದದ್ದು ಸಣ್ಣ ಮಾತಲ್ಲ.

ಏಳು ಶತಮಾನಗಳ ಬಳಿಕ, 1817ರ ದತ್ತ ಜಯಂತಿಯಂದು, ಕಲ್ಯಾಣದ ಬಳಿಯ ಲಾಡವಂತಿಯಲ್ಲಿ ಮಾಣಿಕ ಪ್ರಭುಗಳು ಹುಟ್ಟಿದರು. ತಂದೆ ಮನೋಹರ ನಾಯಕ, ತಾಯಿ ಬಯಾದೇವಿ. 1845ರಲ್ಲಿ ಪ್ರಭುಗಳು ಹುಮನಾಬಾದಿನ ಮಗ್ಗುಲಲ್ಲಿ, ವಿರಜಾ ಮತ್ತು ಗುರುಗಂಗಾ ಹೊಳೆಗಳು ಕೂಡುವ ಕಡೆ ನೆಲೆ ನಿಂತರು. ಅದೇ ಮಾಣಿಕನಗರ. ನಿಜಾಮರ ಆಳ್ವಿಕೆಯ ಈ ನೆಲದಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ದಿನಬಳಕೆಯ ಮಾತು. ಪ್ರಭುಗಳು ಕಟ್ಟಿದ ಸಕಲಮತ ಸಂಪ್ರದಾಯಕ್ಕೂ ಯಾವ ಮತದವರೂ ಹೊರಗಿನವರಾಗಲಿಲ್ಲ. ಅವರ ಪದಗಳು ಮರಾಠಿ, ಕನ್ನಡ, ಹಿಂದಿ-ಉರ್ದು, ಸಂಸ್ಕೃತಗಳಲ್ಲಿವೆ. ಓದಿಕೊಳ್ಳಲೆಂದು ಬರೆದವಲ್ಲ ಅವು. ರಾಗ, ತಾಳ, ಹಿಂಬಾಲಿಸಿ ಹಾಡುವ ಮಂದಿ ಇದ್ದಾಗಲೇ ಅವು ಪೂರ್ತಿಯಾಗುತ್ತವೆ.

ಪ್ರಭುಗಳು 1865ರ ಮಾರ್ಗಶಿರ ಶುದ್ಧ ಏಕಾದಶಿಯಂದು ಸಮಾಧಿಸ್ಥರಾದರು. ಅವರ ಜನನ ಅದೇ ಮಾಸದ ಹುಣ್ಣಿಮೆಯಂದು ಆಗಿದ್ದರಿಂದ ಪುಣ್ಯತಿಥಿಯೂ ಜಯಂತಿಯೂ ಒಂದೇ ಪಕ್ಷದಲ್ಲಿ ಬರುತ್ತವೆ. ವರ್ಷದ ದೊಡ್ಡ ಉತ್ಸವ ನಡೆಯುವುದು ಆಗಲೇ, ಡಿಸೆಂಬರಿನ ಚಳಿಯಲ್ಲಿ. ಅದರ ತುದಿಯಲ್ಲಿ ದರ್ಬಾರು. ಸಂತನ ಗದ್ದುಗೆಗೆ ಅರಸೊತ್ತಿಗೆಯ ಉಪಚಾರ. ಆ ಉಪಚಾರಗಳಲ್ಲಿ ಹಾಡು, ವಾದ್ಯಗಳೂ ಸೇರಿವೆ. ದೂರದಿಂದ ಬಂದ ಕಲಾವಿದರು ರಾತ್ರಿಯೆಲ್ಲ ಸರದಿಯ ಮೇಲೆ ಸೇವೆ ಸಲ್ಲಿಸುತ್ತಾರೆ. ಟಿಕೀಟಿನ ಮಾತಿಲ್ಲ, ಇಂತಿಷ್ಟು ನಿಮಿಷ ಎಂಬ ಕರಾರಿಲ್ಲ. ಬಂದವರಲ್ಲಿ ರಾಗ ಬಲ್ಲವರೂ ಇರುತ್ತಾರೆ, ಪ್ರಸಾದಕ್ಕೆ ಬಂದು ಹಾಡಿಗೆ ಕೂತವರೂ ಇರುತ್ತಾರೆ. 1945ರಿಂದ 2009ರವರೆಗೆ ಪೀಠದಲ್ಲಿದ್ದ ಸಿದ್ಧರಾಜ ಮಾಣಿಕ ಪ್ರಭುಗಳ ಕಾಲದಲ್ಲಿ ಶಾಲೆಗಳೂ ಅಂಧ ಮಕ್ಕಳ ಶಾಲೆಯೂ ಇಲ್ಲಿ ಬೆಳೆದವು. ಈಗ ಜ್ಞಾನರಾಜ ಮಾಣಿಕ ಪ್ರಭುಗಳು ಪೀಠಾಧಿಪತಿ.

ಇಂಥ ದರ್ಬಾರಿನ ಹಾಡನ್ನು ಸ್ಟುಡಿಯೊಗೆ ಒಯ್ದು ‘ಸರಿಯಾಗಿ’ ಮುದ್ರಿಸುತ್ತೇವೆ ಎಂದರೆ ಏನನ್ನು ಮುದ್ರಿಸಿದಂತಾಯಿತು? ಸ್ವರ ಬರುತ್ತದೆ, ಸಾಹಿತ್ಯ ಬರುತ್ತದೆ. ಮುಂದಿನ ಸಾಲಿನಲ್ಲಿ ಕೂತ ಮುದುಕರೊಬ್ಬರು ತಾಳದ ಮೊದಲ ಪೆಟ್ಟಾದ ಸಮ್‌ನ ಮೇಲೆ ತೊಡೆ ತಟ್ಟಿ ‘ವಾಹ್’ ಎಂದದ್ದಕ್ಕೆ ಗಾಯಕ ಅದೇ ಜಾಗಕ್ಕೆ ಮತ್ತೊಮ್ಮೆ, ಬೇರೆ ದಾರಿಯಿಂದ, ಬಂದು ತೋರಿಸಿದ್ದು ಬರುವುದಿಲ್ಲ. ದಾದ್ ಎನ್ನುವ ಈ ಮೆಚ್ಚುಗೆ ಹಾಡು ಮುಗಿದ ಮೇಲಿನ ಚಪ್ಪಾಳೆಯಲ್ಲ. ಅದು ಹಾಡಿನ ಒಳಗೇ ನಡೆದು, ಹಾಡಿನ ಹಾದಿಯನ್ನೇ ತಿರುಗಿಸುತ್ತದೆ.

ಮೂರು ನಿಮಿಷ

ಭಾರತದಲ್ಲಿ ತಟ್ಟೆಯ ಯುಗ ತೆರೆದದ್ದು 1902ರ ನವೆಂಬರಿನಲ್ಲಿ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕೋಲ್ಕತ್ತಕ್ಕೆ ಬಂದು ಗೌಹರ್ ಜಾನ್ ಅವರ ದನಿಯನ್ನು ಮುದ್ರಿಸಿದ. 78 ಸುತ್ತಿನ ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ ಹಿಡಿಯುತ್ತಿತ್ತು. ಗೌಹರ್ ಜಾನ್ ಅಷ್ಟರೊಳಗೆ ಆಲಾಪ, ಬಂದಿಶ್, ತಾನ್ ಎಲ್ಲವನ್ನೂ ಅಡಕಮಾಡಿ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನೂ ಕೂಗಿ ಹೇಳುತ್ತಿದ್ದರು. ತಟ್ಟೆಯ ಲೋಕದ ಮೊದಲ ತಾರೆಯಾದ ಆಕೆಯ ಕೊನೆಯ ದಿನಗಳು ಕಳೆದದ್ದು ಕನ್ನಡನಾಡಿನಲ್ಲಿ: ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಅವರನ್ನು ಆಸ್ಥಾನಕ್ಕೆ ಕರೆಸಿಕೊಂಡರು, 1930ರ ಜನವರಿಯಲ್ಲಿ ಆಕೆ ಮೈಸೂರಿನಲ್ಲೇ ತೀರಿಕೊಂಡರು.

ಮೂರು ನಿಮಿಷವನ್ನು ಹಗುರವಾಗಿ ಕಾಣುವಂತಿಲ್ಲ. ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಠುಮ್ರಿಯ ತಟ್ಟೆಯನ್ನು ಗದುಗಿನ ಅಂಗಡಿಯೊಂದರಲ್ಲಿ ಕೇಳಿದ ಹುಡುಗ ಭೀಮಸೇನ ಜೋಶಿ ಹಾಗೆ ಹಾಡಲು ಕಲಿಸುವ ಗುರುವನ್ನು ಹುಡುಕಿ ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟು ಓಡಿದ. ಅಲೆದಾಟವೆಲ್ಲ ಮುಗಿದು ಕುಂದಗೋಳದ ಸವಾಯಿ ಗಂಧರ್ವರ ಮನೆಗೆ ಬಂದು ಸೇರಿದ. ಒಂದು ತಟ್ಟೆ ಒಂದು ಬದುಕನ್ನೇ ತಿರುಗಿಸಿತು, ನಿಜ. ಆದರೆ ಗುರು ಸಿಕ್ಕ ಮೇಲೆ ಅವನು ಕಲಿತದ್ದು ತಟ್ಟೆಯ ಅಳತೆಯ ಹಾಡನ್ನಲ್ಲ. ಅದೇ ಖಾನಸಾಹೇಬರು ತಟ್ಟೆಗೆ ಹಾಡಿದ ಭೈರವಿ ‘ಜಮುನಾ ಕೆ ತೀರ್’ ಅನ್ನು ಭೀಮಸೇನರು ಕಛೇರಿಯ ಕೊನೆಗೆ ಬಿಡುಬೀಸಾಗಿ ಹಾಡುತ್ತಿದ್ದರು. ಎರಡನ್ನೂ ಒಂದಾದಮೇಲೊಂದು ಕೇಳಿದರೆ ತಟ್ಟೆ ಎಷ್ಟನ್ನು ಬಿಗಿಹಿಡಿದಿತ್ತು ಎಂಬುದು ಗೊತ್ತಾಗುತ್ತದೆ.

ಗಂಗೂಬಾಯಿ ಹಾನಗಲ್ಲರ ಮೊದಮೊದಲ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು. ಅವುಗಳಲ್ಲಿ ಕೇಳುವುದು ತೆಳ್ಳಗಿನ, ಏರು ದನಿ. ಆಮೇಲಿನ ಕಛೇರಿಗಳ ಮುದ್ರಣಗಳಲ್ಲಿ ನಮಗೆಲ್ಲ ಗೊತ್ತಿರುವ ಗಂಡುಗಟ್ಟಿ ಕಂಠ. ಇನ್ನು ಕೆಲವರು ತಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ಜೈಪುರ ಘರಾಣೆಯ ಅಲ್ಲಾದಿಯಾ ಖಾನರ ಮುದ್ರಣವೇ ಇಲ್ಲ. ಮಲ್ಲಿಕಾರ್ಜುನ ಮನಸೂರರಿಗೆ ಆ ಗಾಯನಶೈಲಿಯನ್ನು ಕೊಟ್ಟ, ಅಲ್ಲಾದಿಯಾ ಖಾನರ ಮಗ ಮಂಜಿ ಖಾನರದೂ ಇಲ್ಲ. ಧಾರವಾಡದಲ್ಲಿ ಮಾಸ್ತರರಾಗಿದ್ದು ಈ ಸೀಮೆಗೆ ಖಯಾಲಿನ ರುಚಿ ಹತ್ತಿಸಿದ ಭಾಸ್ಕರಬುವಾ ಬಖಲೆಯವರದೂ ಇಲ್ಲ. ಮಂಜಿ ಖಾನರು ಹೇಗೆ ಹಾಡುತ್ತಿದ್ದರೆಂದು ತಿಳಿಯಲು ಮನಸೂರರ ಕಛೇರಿಯ ಮುದ್ರಣವೊಂದೇ ಗತಿ. ಅಷ್ಟರ ಮಟ್ಟಿಗೆ ಶಿಷ್ಯನ ಗಂಟಲೂ ಒಂದು ದಾಖಲೆ.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಎಲ್‌ಪಿ ತಂದಿತು. ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಜಾಗ. 1955ರಲ್ಲಿ ಅಲಿ ಅಕ್ಬರ್ ಖಾನರ ಸರೋದ್ ವಾದನದ ಎಲ್‌ಪಿ ಯೆಹೂದಿ ಮೆನುಹಿನ್ನರ ಮುನ್ನುಡಿಯ ಮಾತಿನೊಂದಿಗೆ ಬಂದಾಗ ರಾಗಕ್ಕೆ ಮೊದಲ ಸಲ ತಟ್ಟೆಯ ಮೇಲೆ ಕಾಲು ಚಾಚಲು ಎಡೆ ಸಿಕ್ಕಿತು. ಕಾಲು ಚಾಚಬಹುದು ಅಷ್ಟೆ; ಒಂದು ಗಂಟೆಯ ಬಡಾ ಖಯಾಲಿಗೆ ಅದೂ ಸಾಲದು.

ಆಕಾಶವಾಣಿ ಮತ್ತು ಟೇಪು

ಹುಮನಾಬಾದ್, ಕಲ್ಯಾಣದ ಕಡೆಯ ಕೇಳುಗರಿಗೆ ದೊಡ್ಡ ಗಾಯಕರ ದನಿ ನಿಯತವಾಗಿ ಸಿಕ್ಕಿದ್ದು ರೇಡಿಯೊದಿಂದ. ಧಾರವಾಡ ನಿಲಯ ಶುರುವಾದದ್ದು 1950ರಲ್ಲಿ, ಕಲಬುರಗಿ ನಿಲಯ 1966ರಲ್ಲಿ. 1952ರಲ್ಲಿ ಆರಂಭವಾದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಶನಿವಾರ ರಾತ್ರಿ ತೊಂಬತ್ತು ನಿಮಿಷ ಒಬ್ಬರೇ ಕಲಾವಿದರಿಗೆ ಬಿಟ್ಟುಕೊಡುತ್ತಿತ್ತು. 1954ರಿಂದ ಆಕಾಶವಾಣಿ ಸಂಗೀತ ಸಮ್ಮೇಳನ ಜೊತೆಗೂಡಿತು. ನಿಲಯದ ಸ್ಟುಡಿಯೊದಲ್ಲಿ ಕೆಂಪು ದೀಪ, ಗೋಡೆಗೆ ಗಡಿಯಾರ, ಗಾಜಿನಾಚೆ ಒಬ್ಬ ಎಂಜಿನಿಯರ್. ಸಮ್ಮೇಳನದಲ್ಲಾದರೆ ಆಹ್ವಾನಿತ ಸಭಿಕರು ಎದುರಿಗೇ ಕೂತಿರುತ್ತಿದ್ದರು. ಅದನ್ನು ಮುದ್ರಿಸಿಕೊಂಡು ಆಮೇಲೆ ಬಿತ್ತರಿಸುತ್ತಿದ್ದರು. ನಮ್ಮ ದೇಶದ ಅತಿ ದೊಡ್ಡ ನೇರ ಮುದ್ರಣ ಯೋಜನೆ ಎಂದು ಅದನ್ನೇ ಕರೆಯಬೇಕು, ಆ ಕಾಲಕ್ಕೆ ಯಾರೂ ಅದನ್ನು ಆಲ್ಬಂ ಎನ್ನದಿದ್ದರೂ. ಧಾರವಾಡ ನಿಲಯದಲ್ಲಿ ಸಂಗೀತ ಸಲಹೆಗಾರರಾಗಿದ್ದ ಮನಸೂರರು ಸ್ಟುಡಿಯೊ, ಸಭೆ ಎರಡನ್ನೂ ಬಲ್ಲವರು.

ಟೇಪಿನ ಯಂತ್ರಕ್ಕೂ ತನ್ನದೇ ಕಟ್ಟುಪಾಡಿತ್ತು. 1200 ಅಡಿಯ ಒಂದು ಸ್ಪೂಲು ಸೆಕೆಂಡಿಗೆ ಏಳೂವರೆ ಅಂಗುಲದ ವೇಗದಲ್ಲಿ ಮೂವತ್ತೆರಡು ನಿಮಿಷ ಓಡುತ್ತದೆ; ಗುಣಮಟ್ಟಕ್ಕೆಂದು ಹದಿನೈದು ಅಂಗುಲದ ವೇಗಕ್ಕೆ ಏರಿಸಿದರೆ ಹದಿನಾರು. ಯಂತ್ರ ಒಂದೇ ಇದ್ದರೆ ಸ್ಪೂಲು ಬದಲಿಸುವಷ್ಟು ಹೊತ್ತಿನ ಹಾಡು ಹೋಯಿತೆಂದೇ ಲೆಕ್ಕ. ಹಳೆಯ ಖಾಸಗಿ ಮುದ್ರಣಗಳಲ್ಲಿ ವಿಲಂಬಿತ್ ತಾರ ಷಡ್ಜಕ್ಕೆ ಏರುವ ಮುಂಚೆಯೇ ಕಡಿದು, ಮತ್ತೆ ಕೇಳಿಬರುವಾಗ ಗಾಯಕರು ದ್ರುತ್‌ನಲ್ಲಿರುವುದು ಇದರಿಂದಲೇ. ಆಮೇಲೆ ಬಂದ ತೊಂಬತ್ತು ನಿಮಿಷದ ಕ್ಯಾಸೆಟ್ಟು ಮಗ್ಗುಲಿಗೆ ನಲವತ್ತೈದು ನಿಮಿಷ ಕೊಟ್ಟಿತು, ಎಲ್ಲರ ಕೈಗೂ ಎಟಕಿತು. ಸಂಗೀತದ ಹುಚ್ಚಿದ್ದ ವಕೀಲರು, ಡಾಕ್ಟರು, ಮಾಸ್ತರರು ಮುಂದಿನ ಸಾಲಿನಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂರುವ ಕಾಲ ಅದು. ಇವರ ಪೆಟ್ಟಿಗೆಗಳಲ್ಲಿ ಉಳಿದದ್ದರಲ್ಲಿ ತಂಬೂರಿ ಶ್ರುತಿಗೂಡಿಸುವ ಸದ್ದು, ತಬಲಾದ ಗಟ್ಟಕ್ಕೆ ಸುತ್ತಿಗೆಯ ಟಕ್‌ಟಕ್, ಯಾರದೋ ಕೆಮ್ಮು, ‘ಕ್ಯಾ ಬಾತ್ ಹೈ’ ಎಲ್ಲವೂ ಇವೆ. ಕಂಪನಿಯ ಮುದ್ರಿಕೆಗಳು ಇವನ್ನು ಕತ್ತರಿಸಿ ತೆಗೆಯುತ್ತಿದ್ದವು.

ರಾಕ್ ತಂಡಗಳ ದಾರಿ

ಪಶ್ಚಿಮದಲ್ಲಿ ನೇರ ಮುದ್ರಿಕೆಗೆ ಮಾನ ತಂದುಕೊಟ್ಟದ್ದು ಜಾಝ್. ಬೆನ್ನಿ ಗುಡ್‌ಮನ್ ತಂಡ 1938ರ ಜನವರಿಯಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ ಕಛೇರಿ ಎಲ್‌ಪಿ ಆಗಿ ಬಂದದ್ದು 1950ರಲ್ಲಿ. 1962ರಲ್ಲಿ ಜೇಮ್ಸ್ ಬ್ರೌನ್ ಅಪೊಲೊ ಥಿಯೇಟರಿನಲ್ಲಿ ಹಾಡಿದ್ದು ಮರುವರ್ಷ ಹೊರಬಂದಾಗ ಸಭಿಕರ ಕೂಗೂ ಸರಕಾಗಬಹುದೆಂಬುದು ಕಂಪನಿಗಳಿಗೆ ಅರಿವಾಯಿತು. ದಿ ಹೂ ತಂಡದ ‘ಲೈವ್ ಅಟ್ ಲೀಡ್ಸ್’ (1970), ಡೀಪ್ ಪರ್ಪಲ್ ತಂಡವು 1972ರ ಆಗಸ್ಟಿನಲ್ಲಿ ಒಸಾಕಾ, ಟೋಕಿಯೊಗಳಲ್ಲಿ ನುಡಿಸಿದ ‘ಮೇಡ್ ಇನ್ ಜಪಾನ್’ ಈ ಪ್ರಕಾರದ ಮಾದರಿಗಳೆನಿಸಿದವು.

ಆರ್ಟ್ ರಾಕ್ ತಂಡಗಳಿಗೆ ಮಾತ್ರ ಇದು ಇಕ್ಕಟ್ಟಿನ ವಿಷಯ. ಅವರ ಸಂಗೀತ ಸ್ಟುಡಿಯೊದ ಕೂಸು: ಪದರದ ಮೇಲೆ ಪದರ, ಇಪ್ಪತ್ತು ನಿಮಿಷದ ರಚನೆ, ಹಿಮ್ಮುಖವಾಗಿ ಓಡಿಸಿದ ಟೇಪು. ಅದನ್ನು ನಾಲ್ಕೈದು ಜನ ವೇದಿಕೆಯ ಮೇಲೆ ಹೇಗೆ ನುಡಿಸಬೇಕು? ಪಿಂಕ್ ಫ್ಲಾಯ್ಡ್ 1969ರ ‘ಉಮ್ಮಗುಮ್ಮ’ದಲ್ಲಿ ಒಂದು ತಟ್ಟೆಯನ್ನು ವೇದಿಕೆಗೂ ಇನ್ನೊಂದನ್ನು ಸ್ಟುಡಿಯೊಗೂ ಹಂಚಿ ಎರಡು ಬಾಳ್ವೆಯನ್ನು ಒಪ್ಪಿಕೊಂಡಿತು. ಎಮರ್ಸನ್, ಲೇಕ್ ಅಂಡ್ ಪಾಮರ್ ತಂಡ ರಷ್ಯದ ಮುಸೋರ್ಗ್‌ಸ್ಕಿಯ ಪಿಯಾನೊ ಕೃತಿಯನ್ನು ಎತ್ತಿಕೊಂಡು 1971ರಲ್ಲಿ ನ್ಯೂಕ್ಯಾಸಲ್‌ನ ಸಭಾಂಗಣದಲ್ಲೇ ಮುದ್ರಿಸಿತು. ಯೆಸ್ ತಂಡ 1973ರಲ್ಲಿ ಮೂರು ತಟ್ಟೆಗಳ ‘ಯೆಸ್‌ಸಾಂಗ್ಸ್’ ತಂದಿತು. ಕೇಳಿ ಮುಗಿಸಲು ಎರಡು ಗಂಟೆಗೂ ಹೆಚ್ಚು ಬೇಕು. ದರ್ಬಾರಿನಲ್ಲಿ ಕೂತು ಅಭ್ಯಾಸವಿದ್ದವರಿಗೆ ಇದೇನೂ ಉದ್ದವಲ್ಲ.

ಕಿಂಗ್ ಕ್ರಿಮ್ಸನ್ ತಂಡದ ನಡೆ ಎಲ್ಲಕ್ಕಿಂತ ವಿಚಿತ್ರ, ಎಲ್ಲಕ್ಕಿಂತ ಕುತೂಹಲದ್ದು. 1974ರ ‘ಸ್ಟಾರ್‌ಲೆಸ್ ಅಂಡ್ ಬೈಬಲ್ ಬ್ಲ್ಯಾಕ್’ ನೋಡಲಿಕ್ಕೆ ಸ್ಟುಡಿಯೊ ಆಲ್ಬಂ. ಅದರ ಬಹುಭಾಗ ಮುದ್ರಣವಾದದ್ದು ಕಛೇರಿಗಳಲ್ಲಿ. ಚಪ್ಪಾಳೆಯನ್ನು ಅಳಿಸಿ, ಸಭೆಯೇ ಇರಲಿಲ್ಲವೆಂಬಂತೆ ಕೊಟ್ಟರು. ನಾಲ್ಕು ದಶಕಗಳ ಮೇಲೆ, ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಒಬ್ಬರನ್ನು ಬಿಟ್ಟು ತಂಡವೆಲ್ಲ ಹಲವು ಸಲ ಬದಲಾಗಿ ಹೋದ ನಂತರ, 2016ರಲ್ಲಿ ಬಂದ ‘ರ‍್ಯಾಡಿಕಲ್ ಆ್ಯಕ್ಷನ್’ ಎಂದು ಶುರುವಾಗುವ ಉದ್ದ ಹೆಸರಿನ ಮುದ್ರಿಕೆಯಲ್ಲೂ ಅದೇ ಕೆಲಸ: ವೇದಿಕೆಯ ವಾದನ ಉಂಟು, ಸಭಿಕರು ಇಲ್ಲ. ಕೇಳುಗ ಎದುರಿಗಿದ್ದಾಗ ಹುಟ್ಟುವ ಬಿಸಿ ಬೇಕು, ಕೇಳುಗನ ಸದ್ದು ಬೇಡ ಎಂಬ ಈ ಹಟ ಮೈಫಿಲಿನ, ಅಂದರೆ ಆಪ್ತ ಸಂಗೀತ ಕೂಟದ, ಮನೆಯವರಿಗೆ ಕೃಪಣತನದಂತೆ ಕಾಣಬಹುದು. ಕೇಳಿದರೆ ವಾದನ ನಿಜಕ್ಕೂ ಸ್ಫುಟವಾಗಿದೆ. ಆದರೂ ರಚನೆ ಮುಗಿದೊಡನೆ ಬರುವ ಮೌನ ಅಸಹಜ ಎನಿಸುತ್ತದೆ.

ಹಿರಿಯ ತಂಡಗಳು ಪದೇ ಪದೇ ಲೈವ್ ಆಲ್ಬಂ ತರುವುದಕ್ಕೆ ಕಾರಣಗಳು ಹಲವು, ಎಲ್ಲವೂ ಉದಾತ್ತವಲ್ಲ. ಕಂಪನಿಯ ಕರಾರಿನಲ್ಲಿ ಬಾಕಿ ಉಳಿದ ಒಂದು ಆಲ್ಬಮ್ಮನ್ನು ಕಡಿಮೆ ಖರ್ಚಿನಲ್ಲಿ ತೀರಿಸಬಹುದು. ಹೊಸ ಹಾಡು ಹುಟ್ಟದ ವರ್ಷಗಳಲ್ಲೂ ಹೆಸರು ಅಂಗಡಿಯಲ್ಲಿ ಉಳಿಯುತ್ತದೆ. ಇವುಗಳಾಚೆಗೆ ಗಟ್ಟಿಯಾದ ಕಾರಣವೊಂದಿದೆ: ಬದಲಾದ ತಂಡ ಹಳೆಯ ಹಾಡನ್ನು ಹೊರಬಲ್ಲುದೇ ಎಂಬ ಪರೀಕ್ಷೆ. ಪೀಟರ್ ಗೇಬ್ರಿಯಲ್ 1975ರಲ್ಲಿ ಜೆನೆಸಿಸ್ ಬಿಟ್ಟರು. ಅದುವರೆಗೆ ಡ್ರಮ್ಸ್ ಹಿಂದಿದ್ದ ಫಿಲ್ ಕಾಲಿನ್ಸ್ ಮುಂದೆ ಬಂದು ಅದೇ ಹಾಡುಗಳನ್ನು ಹಾಡಿದ್ದು 1977ರ ‘ಸೆಕೆಂಡ್ಸ್ ಔಟ್’ನಲ್ಲಿ ದಾಖಲಾಗಿದೆ. ರಾಕ್ ಅಭಿಮಾನಿಗಳಿಗೆ ಇದು ಇಂದಿಗೂ ವಾದದ ವಿಷಯ. ಘರಾಣೆಯ ಲೋಕದಲ್ಲಿ ಇಂಥ ವಾದಕ್ಕೆ ಎಡೆಯೇ ಇಲ್ಲ. ಸವಾಯಿ ಗಂಧರ್ವರು ಹಾಡಿದ ಬಂದಿಶನ್ನು ಗಂಗೂಬಾಯಿ ಹಾಡಲಿ, ಭೀಮಸೇನರು ಹಾಡಲಿ ಎಂದೇ ಕಲಿಸುವುದು. ಹಾಡು ಒಬ್ಬರ ಸೊತ್ತು ಎಂಬ ಎಣಿಕೆ ರಾಕ್ ತಂಡಗಳಿಗೆ ತಂದಷ್ಟು ಜಗಳವನ್ನು ಬೇರಾವುದೂ ತಂದಿಲ್ಲ.

ಎರಡು ಲೋಕ ಕೂಡಿದ ಕಡೆ

1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಜಾರ್ಜ್ ಹ್ಯಾರಿಸನ್ ಮತ್ತು ರವಿಶಂಕರ್ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಕಛೇರಿ ಏರ್ಪಡಿಸಿದರು. ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾ ರಖಾ ಶ್ರುತಿ ಕೂಡಿಸಿಕೊಂಡು ನಿಲ್ಲಿಸಿದೊಡನೆ ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಶ್ರುತಿಗೇ ಇಷ್ಟು ಮೆಚ್ಚಿಗೆಯಾದರೆ ವಾದನ ಇನ್ನಷ್ಟು ಹಿಡಿಸೀತು ಎಂಬರ್ಥದ ಮಾತನ್ನು ರವಿಶಂಕರ್ ಆಡಿದರು. ಮೂರು ತಟ್ಟೆಗಳ ಆಲ್ಬಮ್ಮಿನಲ್ಲಿ ಆ ಚಪ್ಪಾಳೆಯೂ ಆ ಮಾತೂ ಹಾಗೇ ಇವೆ. ಕತ್ತರಿಸದೆ ಬಿಟ್ಟವರಿಗೆ ಕೃತಜ್ಞರಾಗಿರಬೇಕು. ಗೊತ್ತಿಲ್ಲದ ಸಂಗೀತದ ಎದುರು ಪ್ರೀತಿಯಿಂದ ಕೂತ ಜನರ ಚಿತ್ರ ಅಷ್ಟು ನಿಚ್ಚಳವಾಗಿ ಬೇರೆಲ್ಲೂ ಮುದ್ರಣವಾಗಿಲ್ಲ.

ಜಾನ್ ಮೆಕ್‌ಲಾಫ್ಲಿನ್, ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕ್‌ರಾಮ್, ರಾಮನಾಡ್ ರಾಘವನ್ ಕೂಡಿದ ‘ಶಕ್ತಿ’ಯ ಮೊದಲ ಮುದ್ರಿಕೆ ಸ್ಟುಡಿಯೊದ್ದಲ್ಲ, 1975ರ ಜುಲೈನಲ್ಲಿ ನ್ಯೂಯಾರ್ಕ್ ರಾಜ್ಯದ ಕಾಲೇಜೊಂದರ ಕಛೇರಿಯದು. ಮೊದಲ ಹೆಜ್ಜೆಯನ್ನೇ ಸಭೆಯ ಎದುರು ಇಟ್ಟ ಬ್ಯಾಂಡು ಆ ಕಾಲಕ್ಕೆ ಅಪರೂಪ. ಹಿಂದೂಸ್ತಾನಿ, ಕರ್ನಾಟಕ ಎರಡರ ತಾಳಜ್ಞಾನವೂ ಒಂದೇ ವೇದಿಕೆಯಲ್ಲಿ ಸವಾಲು-ಜವಾಬು ನಡೆಸುವಾಗ ಎದುರಿಗೆ ಜನ ಬೇಕೇ ಬೇಕು ಎಂಬುದು ಅವರಿಗೆ ತಿಳಿದಿತ್ತು.

ಭಾರತದ ರಾಕ್ ತಂಡಗಳಲ್ಲಿ ಈ ಲೇಖನದ ವಿಷಯಕ್ಕೆ ನೇರ ಉದಾಹರಣೆ ದಿಲ್ಲಿಯ ‘ಇಂಡಿಯನ್ ಓಷನ್’. 1990ರಲ್ಲಿ ಕಟ್ಟಿದ ತಂಡ. ಗಿಟಾರಿಗೆ ಸುಸ್ಮಿತ್ ಸೇನ್, ತಬಲಾ ಮತ್ತು ಹಾಡಿಗೆ ಅಶೀಂ ಚಕ್ರವರ್ತಿ, ಬೇಸ್ ಗಿಟಾರಿಗೆ ರಾಹುಲ್ ರಾಮ್, ಡ್ರಮ್ಸ್‌ಗೆ ಅಮಿತ್ ಕಿಲಮ್. ಬೀದಿ ನಾಟಕ ಆಡುತ್ತಿದ್ದಾಗ ಹಲ್ಲೆಗೊಳಗಾಗಿ ತೀರಿಕೊಂಡ ಸಫ್ದರ್ ಹಾಶ್ಮಿಯವರ ನೆನಪಿಗೆ ಪ್ರತಿ ಜನವರಿ 1ರಂದು ದಿಲ್ಲಿಯಲ್ಲಿ ಕಲಾವಿದರು ಸೇರುತ್ತಾರೆ. 1997ರ ಆ ದಿನದ ಕಾರ್ಯಕ್ರಮದಲ್ಲಿ ತಂಡ ನುಡಿಸಿದ್ದೇ ‘ಡೆಸರ್ಟ್ ರೇನ್’ ಆಗಿ ಹೊರಬಂತು. ಸ್ಟುಡಿಯೊದ ನಯ ಅದರಲ್ಲಿಲ್ಲ. ನಾಲ್ವರೂ ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸುತ್ತಿರುವುದು ಮಾತ್ರ ಸ್ಪಷ್ಟ, ತಬಲಾ ಮತ್ತು ಡ್ರಮ್ಸ್ ಒಂದರ ಜಾಗಕ್ಕೆ ಇನ್ನೊಂದು ನುಗ್ಗದೆ ಹಂಚಿಕೊಳ್ಳುವ ಬಗೆಯಂತೂ ಇನ್ನೂ ಸ್ಪಷ್ಟ. ಅಶೀಂ 2009ರಲ್ಲಿ ತೀರಿಕೊಂಡರು, ಸುಸ್ಮಿತ್ 2013ರಲ್ಲಿ ತಂಡ ಬಿಟ್ಟರು. ತಂಡ ಇಂದಿಗೂ ವೇದಿಕೆ ಏರುತ್ತಿದೆ. ಆ ನಾಲ್ವರ ಕೂಟ ಉಳಿದಿರುವುದು ಮುದ್ರಣಗಳಲ್ಲಿ.

ಕನ್ನಡದ ವೇದಿಕೆ

ಕನ್ನಡದಲ್ಲಿ ಸಭೆಯ ಸದ್ದನ್ನೇ ಕೃತಿಯ ಭಾಗವಾಗಿಸಿದವರು ಸಿ. ಅಶ್ವಥ್. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ‘ಕನ್ನಡವೇ ಸತ್ಯ’ದಲ್ಲಿ ಭಾವಗೀತೆ ಮೈದಾನದ ಸಂಗೀತವಾಯಿತು, ಕೋಣೆಯಲ್ಲಿ ಕೂತು ಕೇಳುವ ನವುರು ಹಾಡಿಗೆ ಜನಸಾಗರವೇ ಹಿಮ್ಮೇಳ. ಇದಕ್ಕೆ ಬಹು ಮುಂಚೆ ಅಶ್ವಥ್ ಶಿಶುನಾಳ ಷರೀಫರ ಪದಗಳನ್ನು ಮನೆಮನೆಗೆ ಮುಟ್ಟಿಸಿದ್ದರು. 1990ರ ‘ಸಂತ ಶಿಶುನಾಳ ಷರೀಫ’ ಚಿತ್ರಕ್ಕೂ ಅವರದೇ ಸಂಗೀತ. ಷರೀಫರು 1819ರಲ್ಲಿ ಹುಟ್ಟಿದವರು, ಮಾಣಿಕ ಪ್ರಭುಗಳಿಗಿಂತ ಎರಡು ವರ್ಷಕ್ಕೆ ಚಿಕ್ಕವರು. ಇಬ್ಬರೂ ಮತದ ಗೆರೆ ದಾಟಿ ಪದ ಕಟ್ಟಿದರು, ಇಬ್ಬರ ಪದಗಳೂ ಭಜನೆಯ ತಾಳದಲ್ಲಿ ಉಳಿದವು. ಪ್ರಭುಗಳವು ಸಂಪ್ರದಾಯದ ಭಜನೆಯ ಕ್ರಮದೊಳಗೆ ಭದ್ರವಾಗಿ ಕೂತರೆ ಷರೀಫರವು ಕ್ಯಾಸೆಟ್ಟು, ಸಿನಿಮಾ ಹಾದು ಗಿಟಾರಿನವರೆಗೆ ನಡೆದುಬಂದವು. ರಘು ದೀಕ್ಷಿತ್ ಅವರ ‘ಗುಡುಗುಡಿಯ’, ‘ಲೋಕದ ಕಾಳಜಿ’ ಷರೀಫರವೇ. ರಘು ಅವರ ತಮ್ಮ ವಾಸು ದೀಕ್ಷಿತ್ ಹಾಡುವ ‘ಸ್ವರಾತ್ಮ’ ಮೈಸೂರಿನಲ್ಲಿ ಮೊಳೆತ 2002ರ ತಂಡ. ವೇಷ, ಕುಣಿತ, ಮಾತುಕತೆ ಸೇರಿದ ಅದರ ಕಛೇರಿ ನೋಡಿದವರಿಗೆ ಆಲ್ಬಂ ಕೇಳಿದರೆ ಅರ್ಧ ಹೊಟ್ಟೆ ತುಂಬಿದಂತೆ. 1996ರಿಂದ ನುಡಿಸುತ್ತಿರುವ ಬೆಂಗಳೂರಿನ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಇಂಗ್ಲಿಷಿನಲ್ಲೇ ಹಾಡಿದರೂ ಊರಿನ ರಸ್ತೆ, ಆಟೊ, ಟ್ರಾಫಿಕ್ಕನ್ನೇ ಹಾಡುತ್ತದೆ.

ಅದೇ ಅರಮನೆ ಮೈದಾನಕ್ಕೆ ಪಿಂಕ್ ಫ್ಲಾಯ್ಡ್ ತಂಡದಲ್ಲಿದ್ದ ರೋಜರ್ ವಾಟರ್ಸ್ 2002ರಲ್ಲಿ, ಐರನ್ ಮೇಡನ್ ತಂಡ 2007ರಲ್ಲಿ ಬಂದುಹೋದರು. ತಟ್ಟೆಯಲ್ಲಿ ಮಾತ್ರ ಕೇಳಿದ್ದ ಹಾಡನ್ನು ಕಣ್ಣೆದುರು ಕೇಳಿದ ಆ ರಾತ್ರಿಗಳು ಬೆಂಗಳೂರಿನ ರಾಕ್ ಕೇಳುಗರ ಒಂದು ತಲೆಮಾರಿಗೆ ಹೊಸ ಶಕೆಯ ಆರಂಭ.

ಮುದ್ರಣದ ಕೆಲಸ

ನೇರ ಮುದ್ರಣದಲ್ಲಿ ಎಲ್ಲರೂ ಮೊದಲು ಎಡವುವುದು ಒಂದೇ ಕಡೆ. ಧ್ವನಿವರ್ಧಕಕ್ಕೆ ಹೋಗುವ ಮಿಕ್ಸರಿನಿಂದಲೇ ಒಂದು ವೈರು ಎಳೆದು ಮುದ್ರಿಸಿಕೊಂಡರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಚಿಕ್ಕ ಸಭಾಂಗಣದಲ್ಲಿ ಡ್ರಮ್ಸ್ ತಾನೇ ಜೋರು, ಅದನ್ನು ಮಿಕ್ಸರಿನಲ್ಲಿ ತಗ್ಗಿಸಿಟ್ಟಿರುತ್ತಾರೆ. ಮೆಲುದನಿಯ ಗಾಯಕನನ್ನು ಏರಿಸಿರುತ್ತಾರೆ. ಕೂತವರಿಗೆ ಸಮನಾಗಿ ಕೇಳಿದ್ದು ಮುದ್ರಣದಲ್ಲಿ ಬರಿ ಗಂಟಲಾಗಿ ಬರುತ್ತದೆ. ಆದ್ದರಿಂದ ಬಲ್ಲವರು ಪ್ರತಿ ಮೈಕನ್ನೂ ಬೇರೆ ಬೇರೆ ಟ್ರ್ಯಾಕಿಗೆ ಹಿಡಿದು ಆಮೇಲೆ ಹದ ಮಾಡುತ್ತಾರೆ. ಒಂದು ಜೊತೆ ಮೈಕನ್ನು ಸಭೆಯ ಕಡೆಗೇ ತಿರುಗಿಸಿಡುತ್ತಾರೆ. ಹಾಗಿದ್ದರೂ ತಬಲಾದ ಮೈಕಿನಲ್ಲಿ ಹಾರ್ಮೋನಿಯಂ, ಹಾಡಿನ ಮೈಕಿನಲ್ಲಿ ತಂಬೂರಿ ನುಸುಳಿಯೇ ಇರುತ್ತವೆ. ಇದರಿಂದಾಗಿ ಬೇಸುರಾದ ಒಂದು ಸ್ವರವನ್ನು ಮಾತ್ರ ಕಿತ್ತು ಬದಲಿಸುವುದು ಸುಲಭವಲ್ಲ. ರಾಕ್ ಆಲ್ಬಮ್ಮುಗಳಲ್ಲಿ ಎಷ್ಟೋ ‘ಲೈವ್’ ಹಾಡಿಗೆ ಆಮೇಲೆ ಸ್ಟುಡಿಯೊದಲ್ಲಿ ತೇಪೆ ಹಾಕಿದ್ದುಂಟು, ಒಪ್ಪಿಕೊಳ್ಳುವವರು ಕಡಿಮೆ.

ರಾತ್ರಿಯ ಮಾತು, ಕಾಯಿದೆಯ ಮಾತು

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಸಮಾರಂಭಗಳಿಗೆ ವರ್ಷದಲ್ಲಿ ಹೆಚ್ಚೆಂದರೆ 15 ದಿನ ನಡುರಾತ್ರಿವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ಮುಚ್ಚಿದ ಸಭಾಂಗಣಕ್ಕೆ ವಿನಾಯಿತಿ ಇದೆ. ನಿದ್ದೆಗೆಡುವವರ ಕಡೆಯಿಂದ ನೋಡಿದರೆ ನ್ಯಾಯವೇ. ಸಂಗೀತದ ಮೇಲೆ ಆದ ಪರಿಣಾಮವನ್ನು ಮಾತ್ರ ಹೇಳದೆ ಬಿಡುವಂತಿಲ್ಲ. 1953ರಿಂದ ಪುಣೆಯಲ್ಲಿ ನಡೆಯುತ್ತಿರುವ ಸವಾಯಿ ಗಂಧರ್ವ ಉತ್ಸವ ಬೆಳಗಿನ ಜಾವದವರೆಗೆ ಸಾಗುತ್ತಿತ್ತು, ಈಗ ಮಧ್ಯಾಹ್ನಕ್ಕೇ ಶುರು. ಮಧ್ಯರಾತ್ರಿಯ ಮಾಲಕಂಸ, ದರ್ಬಾರಿ, ಬೆಳಗು ಹರಿಯುವ ಮುನ್ನದ ಲಲತ್ ಅವುಗಳ ಹೊತ್ತಿನಲ್ಲೇ ದೊಡ್ಡ ಸಭೆಯ ಎದುರು ಮುದ್ರಣವಾಗುವುದು ವಿರಳವಾಗಿದೆ. ಹಳೆಯ ಟೇಪುಗಳ ಬೆಲೆ ಈ ಕಾರಣಕ್ಕೂ ಏರಿದೆ.

ಆ ಟೇಪುಗಳು ಯಾರವು? ಭಾರತದ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಕಲಾವಿದರ ಹಕ್ಕು ಸೇರಿತು. ಅದರ ಅವಧಿ ಈಗ 50 ವರ್ಷ. 2012ರ ತಿದ್ದುಪಡಿ ಆ ಹಕ್ಕನ್ನು ಇನ್ನಷ್ಟು ಬಲಪಡಿಸಿತು. ಕಲಾವಿದರ ಒಪ್ಪಿಗೆಯಿಲ್ಲದೆ ಕಛೇರಿಯನ್ನು ಮುದ್ರಿಸಿ ಮಾರುವಂತಿಲ್ಲ, ಸ್ವಂತ ಬಳಕೆಗೂ ಪಾಠಕ್ಕೂ ಮುದ್ರಿಸಿಕೊಳ್ಳಲು ಅಡ್ಡಿಯಿಲ್ಲ. ಅಮೆರಿಕದ ಗ್ರೇಟ್‌ಫುಲ್ ಡೆಡ್ ತಂಡ 1984ರಿಂದ ಸಭಾಂಗಣದಲ್ಲಿ ಟೇಪಿನವರಿಗೆಂದೇ ಪ್ರತ್ಯೇಕ ಜಾಗ ಬಿಟ್ಟುಕೊಟ್ಟಿತು. ಮಾರಬೇಡಿ, ಹಂಚಿಕೊಳ್ಳಿ ಎಂಬುದು ಕರಾರು. ನಮ್ಮ ಮೈಫಿಲುಗಳಲ್ಲಿ ಇದೇ ಪದ್ಧತಿ ಬಾಯಿಮಾತಿನಲ್ಲಿ ಎಂದಿನಿಂದಲೂ ನಡೆದಿದೆ: ಗಾಯಕರು ಟೇಪಿನ ಗುಂಡಿ ಒತ್ತಿದವನನ್ನು ಕಂಡೂ ಕಾಣದಂತಿದ್ದರು, ಇಲ್ಲವೇ ನೇರವಾಗಿ ಬೇಡವೆಂದು ಕೈಯಾಡಿಸಿದರು. ಲಿಖಿತ ಒಪ್ಪಿಗೆಯಂತೂ ಯಾರ ಬಳಿಯೂ ಇಲ್ಲ. ಹೀಗಾಗಿ ಮುದ್ರಿಸಿದವರ ಮಕ್ಕಳು, ಹಾಡಿದವರ ಮಕ್ಕಳು ಕೂಡಿ ಒಪ್ಪದೆ ಆ ಪೆಟ್ಟಿಗೆಗಳು ಆಲ್ಬಂ ಆಗುವ ದಾರಿಯಿಲ್ಲ; ಅವರು ಒಪ್ಪುವಷ್ಟರಲ್ಲಿ ಟೇಪಿನ ಲೇಪ ಅಂಟಂಟಾಗಿ ಯಂತ್ರದ ಹೆಡ್ಡಿಗೆ ಹತ್ತಿಕೊಳ್ಳತೊಡಗಿರುತ್ತದೆ.